ಹರಕೆ ತೀರಿದ ಮೇಲಿನ ಮಾತ್ರೆ

ಡಾಕ್ಟರ್ ಅಖ್ತರಿಯವರಷ್ಟು ಹಟಮಾರಿ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದನ್ನು ಅವರ ಮುಂದೆಯೇ ಎಷ್ಟೋ ಸಲ ಹೇಳಿದ್ದೇನೆ, ನಕ್ಕುಬಿಡುತ್ತಿದ್ದರು. ರಾಮನಗರದಲ್ಲಿ ರೇಷ್ಮೆನೂಲು ಬಿಚ್ಚುವ ಗಫಾರ್ ಸಾಹೇಬರ ಮಗಳು. ರೇಷ್ಮೆಗೂಡು ಬೇಯುವ ಬಾಣಲೆಯ ಪಕ್ಕ ಕೂತು ಓದಿ ಡಾಕ್ಟರಾದವರು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರಿನ ಮೇಲೆ ಸಂಶೋಧನೆ ಮಾಡುತ್ತಿದ್ದರು, ನಾನು ಅವರ ಕೈಕೆಳಗೆ ನರ್ಸು. ಸಂಶೋಧನೆ ಎಂದರೆ ಗಾಜಿನ ಕೊಳವೆ, ಬಿಳಿ ಕೋಟು ಅಂದುಕೊಂಡಿದ್ದೆ. ಇವರ ಅರ್ಧ ಸಂಶೋಧನೆ ಸರ್ಕಾರಿ ಬಸ್ಸಿನಲ್ಲೇ ನಡೆಯಿತು.

ತೊಂಬತ್ತರ ದಶಕದ ಮಾತು. ಈ ಕಾಯಿಲೆಗೆ ಆಗಲೇ ಮದ್ದಿತ್ತು. ಮೊದಲ ಕೆಲವು ತಿಂಗಳು ಆಸ್ಪತ್ರೆಯಲ್ಲಿ ಕಠಿಣ ಚಿಕಿತ್ಸೆ. ಕೂದಲೆಲ್ಲ ಉದುರಿ ಮಗು ಹಿಪ್ಪೆಯಾಗುತ್ತದೆ. ಆಮೇಲೆ ಎರಡು ವರ್ಷ ಮನೆಯಲ್ಲೇ ಮಾತ್ರೆ. ಆ ಎರಡು ವರ್ಷ ಮಗು ಚೆನ್ನಾಗಿ ಉಂಡು, ಆಡಿಕೊಂಡು ಇರುತ್ತದೆ. ಆದರೆ ರೋಗದ ಬೀಜ ಮೈಯಲ್ಲಿ ಎಲ್ಲೋ ಅವಿತಿರಬಹುದು. ಮಾತ್ರೆ ನಡುವೆ ನಿಂತರೆ ಅದು ಮತ್ತೆ ಮೊಳೆಯುತ್ತದೆ. ಎರಡನೇ ಸಲ ಬಂದ ಕಾಯಿಲೆಯಿಂದ ಮಗುವನ್ನು ಉಳಿಸಿಕೊಳ್ಳುವುದು ಬಲು ಕಷ್ಟ.

ನಮ್ಮ ಕಡೆಯ ಎಷ್ಟೋ ಮಕ್ಕಳ ಮಾತ್ರೆ ಹೀಗೆ ನಡುವೆ ನಿಂತುಬಿಡುತ್ತಿತ್ತು. ಹಿರಿಯ ಡಾಕ್ಟರುಗಳು ಬಡತನ, ದೂರದ ದಾರಿ ಅಂದರು. ಸರಿ, ಬಸ್ ಪಾಸು ಕೊಡಿಸಿದ್ದಾಯಿತು, ಮಾತ್ರೆಯೂ ಪುಕ್ಕಟೆ. ಆದರೂ ಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಅಖ್ತರಿ ಮೇಡಂ ಸೆರಗು ಸಿಕ್ಕಿಸಿ ಮನೆಮನೆಗೆ ಹೊರಟೇಬಿಟ್ಟರು, ಮಾಗಡಿ, ಕನಕಪುರ, ಚನ್ನಪಟ್ಟಣ. ಬಸ್ಸಿನ ಧೂಳು ಕುಡಿದು ನನಗೆ ಕೆಮ್ಮು ಹತ್ತಿತು, ಅವರಿಗೆ ಏನೂ ಆಗಲಿಲ್ಲ.

ಹೋದಲ್ಲೆಲ್ಲ ಒಂದೇ ಕಥೆ. ಮಗು ಬದುಕಿದರೆ ಅಂತ ಹರಕೆ ಹೊತ್ತಿರುತ್ತಾರೆ. ಉದುರಿದ ಕೂದಲು ಮತ್ತೆ ತಲೆತುಂಬ ಬರುತ್ತದೆ. ಕೂದಲು ಬಂತು, ಕಾಯಿಲೆ ಹೋಯಿತು ಅಂತ ಹರಕೆ ತೀರಿಸುತ್ತಾರೆ. ಅದೇ ವಾರ ಮಾತ್ರೆ ಬಂದ್. ಬೇಜವಾಬ್ದಾರಿಯಿಂದಲ್ಲ, ಭಕ್ತಿಯಿಂದ. ಹರಕೆ ತೀರಿಸಿದ ಮೇಲೂ ಮಾತ್ರೆ ನುಂಗಿಸಿದರೆ ದೇವರ ಮೇಲೆ ಅನುಮಾನ ಪಟ್ಟ ಹಾಗಲ್ಲವೇ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತಾರೆ. ಇವರು ನಡುಹೊಳೆಯಲ್ಲೇ ದೋಣಿ ಇಳಿಯುತ್ತಿದ್ದರು. ಸಾಬರ ಮನೆಯಲ್ಲೂ ಅದೇ, ನಮ್ಮವರ ಮನೆಯಲ್ಲೂ ಅದೇ. ಹರಕೆ ವಿಷಯದಲ್ಲಿ ನಮ್ಮಲ್ಲಿ ಭೇದವಿಲ್ಲ.

ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಮುಕ್ತಿಯಾರ್ ಹಾಗೇ ಮಾಡಿದ್ದ. ದರ್ಗಾಕ್ಕೆ ಚಾದರ ಹೊದಿಸಿ, ಬೀದಿಗೆಲ್ಲ ಊಟ ಹಾಕಿ, ಮಗ ಹಬೀಬನ ಮಾತ್ರೆ ನಿಲ್ಲಿಸಿದ. ಆ ಮಳೆಗಾಲದಲ್ಲೇ ಕಾಯಿಲೆ ಮರುಕಳಿಸಿತು. ಹಬೀಬ್ ಉಳಿಯಲಿಲ್ಲ.

ಅದಾಗಿ ವರ್ಷ ಕಳೆದಿತ್ತು. ಸಾತನೂರಿನ ಹತ್ತಿರ ನಂಜಪ್ಪ ಅಂತ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುವ ರೈತರ ಮೊಮ್ಮಗಳು ಸುಗುಣ ತಪಾಸಣೆಗೆ ಬರಲಿಲ್ಲ. ತಂದೆಯಿಲ್ಲದ ಕೂಸು, ಮನೆಯಲ್ಲಿ ತಾತನ ಮಾತೇ ಮಾತು. ನಾವು ಹೋದಾಗ ಸುಗುಣ ಗುಂಗುರುಕೂದಲಿಗೆ ರಿಬ್ಬನ್ ಕಟ್ಟಿಕೊಂಡು ಸೊಪ್ಪಿನ ರಾಶಿಯ ಮೇಲೆ ಕುಣಿಯುತ್ತಿದ್ದಳು. ಕೆಂಗಲ್ ಆಂಜನೇಯನಿಗೆ ಬೆಣ್ಣೆ ಅಲಂಕಾರ ಮಾಡಿಸಿ ಬಂದಿದ್ದರಂತೆ. ಮಾತ್ರೆ ಗೋಡೆಯ ಗೂಡಿನಲ್ಲಿ ಹಾಗೇ ಇತ್ತು.

ಮೇಡಂ ನಯವಾಗಿಯೇ ಕೇಳಿದರು. ಬೆಳೆ ಚೆನ್ನಾಗಿ ಬಂದರೂ ಹುಳದ ಮನೆಗೆ ಅವಿತ ರೋಗ ಸಾಯಲಿ ಅಂತ ಬ್ಲೀಚಿಂಗ್ ಹಾಕಿ ತೊಳೀತೀರಲ್ಲ, ಇದೂ ಹಾಗೇ ಅಂದರು. ನನಗಂತೂ ಆ ಮಾತು ಬಹಳ ಹಿಡಿಸಿತು. ನಂಜಪ್ಪನವರಿಗೆ ಹಿಡಿಸಲಿಲ್ಲ.

"ಹುಳಕ್ಕೆ ನಾನೇನು ಹರಕೆ ಹೊತ್ತಿರ್ನಿಲ್ಲ ಕಣವ್ವ. ಕೊಟ್ಟವನು ಆಂಜನೇಯ. ಈಗ ಮಾತ್ರೆ ಕೊಟ್ರೆ, ನನ್ನ ನಂಬ್ನಿಲ್ವೇನ್ಲಾ ಅಂದ್ಬುಟ್ಟು ಕಿತ್ಕೊಂಡೋಯ್ತಾನೆ. ನಿಮಗದು ತಿಳಿಯಾಕಿಲ್ಲ."

ಅವರ ದೇವರ ಬಗ್ಗೆ ಮೇಡಂ ಏನು ಹೇಳಿಯಾರು? ನಾನು ಹೇಳಿದೆ, ನಾನೂ ಶಿವಪೂಜೆ ಮಾಡುವವಳೇ, ದೇವರು ಅಷ್ಟು ಸಣ್ಣ ಮನಸ್ಸಿನವನಲ್ಲ ಅಂತ. ಮುದುಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ವಾಪಸು ಬರುವಾಗ ಮೇಡಂ ಚನ್ನಪಟ್ಟಣಕ್ಕೆ, ಮುಕ್ತಿಯಾರನ ಹತ್ತಿರ ಹೋಗೋಣ ಅಂದರು. ಯಾಕೆ ಅಂತ ಹೊಳೆದ ಕೂಡಲೇ ನಾನು ಜಗಳ ತೆಗೆದೆ. ಮಗನನ್ನು ಮಣ್ಣು ಮಾಡಿದವನ ಗಾಯ ಕೆದಕುವುದು ಯಾವ ಸೀಮೆ ಡಾಕ್ಟರಿಕೆ, ನಿಮ್ಮದು ಎದೆಯೋ ಬಂಡೆಯೋ ಅಂತ ಬಸ್ಸಿನಲ್ಲೇ ಕೂಗಾಡಿದೆ. ಅವರು ಒಂದೇ ಮಾತು ಹೇಳಿದರು: "ಗಿರಿಜಾಂಬ, ಆ ಹುಡುಗಿ ಇನ್ನೂ ಬದುಕಿದ್ದಾಳೆ."

ಮುಕ್ತಿಯಾರ್ ಬೊಂಬೆ ಕಡೆಯುವ ಚಕ್ರದ ಮುಂದೆ ಕೂತಿದ್ದ. ಮೇಡಂ ಸುತ್ತಿಬಳಸದೆ ಸುಗುಣಳ ಸಂಗತಿ ಹೇಳಿದರು: ಅವಳ ತಾತನಿಗೆ ನಿಮ್ಮ ಕಥೆ ನೀವೇ ಬಂದು ಹೇಳಬೇಕು, ಬರಲ್ಲ ಅಂದರೆ ನಾನು ತಪ್ಪು ತಿಳಿಯೋದಿಲ್ಲ. ಅವನು ಅರಗಿನ ಬಣ್ಣ ಹಚ್ಚುತ್ತಲೇ ಇದ್ದ. ಕೈಯಲ್ಲಿದ್ದ ಬೊಂಬೆ ಮುಗಿಸಿ, ಚಕ್ರ ನಿಲ್ಲಿಸಿ, ಮೈಮೇಲಿನ ಮರದ ಪುಡಿ ಕೊಡವಿಕೊಂಡು, ಯಾವ ಬಸ್ಸು ಅಂತ ಕೇಳಿದ.

ಮಾರನೇ ದಿನ ನಂಜಪ್ಪನವರ ಜಗುಲಿಯಲ್ಲಿ ಅವನು ಬಹಳ ಮಾತಾಡಲಿಲ್ಲ. ತಾನು ಯಾರು, ಮಗನ ಹೆಸರೇನು ಅಂತ ಹೇಳಿದ. ಕೂದಲು ಬಂದದ್ದು, ಚಾದರ ಹೊದಿಸಿದ್ದು ಹೇಳಿದ. ಹಬೀಬನನ್ನು ಎರಡನೇ ಸಲ ಆಸ್ಪತ್ರೆಗೆ ಹೊತ್ತದ್ದು ಹೇಳಿದ.

"ನಾನೂ ನಿಮ್ಮಂಗೇ ಅಂದೆ ತಾತ. ಅಲ್ಲಾ ಕೊಟ್ಟ, ಮಾತ್ರೆ ಯಾಕೆ ಅಂದೆ. ಅವನು ನನ್ ಮಗನ್ನೂ ಕೊಟ್ಟಿದ್ದ, ಮಾತ್ರೇನೂ ಕೊಟ್ಟಿದ್ದ. ಮಾತ್ರೆ ನಾನು ವಾಪಸ್ ಮಾಡಿದೆ."

ನಂಜಪ್ಪ ಸುಗುಣಳನ್ನೇ ನೋಡುತ್ತ ಕೂತರು. ಹುಡುಗನಿಗೆ ವಯಸ್ಸೆಷ್ಟಿತ್ತು ಅಂತ ಕೇಳಿದರು. ಏಳು ಅಂದ ಮುಕ್ತಿಯಾರ್. ಮುದುಕ ಎದ್ದುಹೋಗಿ ಗೂಡಿನಿಂದ ಮಾತ್ರೆ ತಂದು ಮೇಡಂ ಕೈಗಿಟ್ಟು, ಈಗಲೇ ಕೊಡಬಹುದಾ ಅಂತ ಕೇಳಿದರು. ಮೊದಲು ರಕ್ತ ನೋಡಬೇಕು ಅಂದರು ಮೇಡಂ. ನೋಡಿದೆವು, ಪುಣ್ಯಕ್ಕೆ ಕಾಯಿಲೆ ತಿರುಗಿ ಬಂದಿರಲಿಲ್ಲ, ಮಾತ್ರೆ ಮತ್ತೆ ಶುರುವಾಯಿತು.

ಬಸ್‌ಸ್ಟಾಪಿನಲ್ಲಿ ಅವತ್ತು ವಾಪಸು ಹೊರಟಾಗ ಮುಕ್ತಿಯಾರ್ ಮೇಡಂ ಕಡೆ ನೋಡದೆ, ನನ್ನ ಮನೆಗೂ ಯಾರನ್ನಾದರೂ ಹೀಗೆ ಕರ್ಕೊಂಡು ಬಂದಿದ್ದರೆ ಅಂದ. ಆಗ ನನಗೂ ಗೊತ್ತಿರಲಿಲ್ಲ ಮುಕ್ತಿಯಾರ್ ಭಾಯಿ ಅಂದರು ಮೇಡಂ. ಅವರ ದನಿ ನಡುಗಿತು. ಹಿಂದಿನ ದಿನ ಬಂಡೆ ಅಂದದ್ದಕ್ಕೆ ನನಗೆ ನಾಚಿಕೆಯಾಯಿತು.

ಆಮೇಲೆ ಆಸ್ಪತ್ರೆಯಲ್ಲಿ ಹೊಸ ಪದ್ಧತಿ ಬಂತು. ಮಗು ಸೇರಿದ ದಿನವೇ ಮೇಡಂ ಹರಕೆ ಹೊತ್ತಿದ್ದೀರಾ ಅಂತ ಕೇಳುವರು. ಹೊತ್ತುಕೊಳ್ಳಿ, ಕೊನೆಯ ಮಾತ್ರೆ ನುಂಗಿದ ಮಾರನೇ ದಿನ ತೀರಿಸ್ತೀವಿ ಅಂತ ಈಗಲೇ ದೇವರಿಗೆ ಹೇಳಿಬಿಡಿ ಅನ್ನುವರು. ಹಿರಿಯ ಡಾಕ್ಟರುಗಳು ಮೊದಮೊದಲು ನಕ್ಕರು. ಮಾತ್ರೆ ಬಿಡುವವರು ಕಡಿಮೆಯಾದ ಮೇಲೆ ಅವರೂ ಕೇಳತೊಡಗಿದರು. ಹರಕೆ ಆಗಲೇ ತೀರಿಸಿ ಕೂತವರ ಮನೆಗೆ ಮುಕ್ತಿಯಾರ್ ಹೋಗುತ್ತಿದ್ದ.

ಸುಗುಣಳ ಮಾತ್ರೆ ಮುಗಿಯುವ ದಿನ ನಂಜಪ್ಪ ನಮ್ಮನ್ನೆಲ್ಲ ಊಟಕ್ಕೆ ಕರೆದರು. ಊಟಕ್ಕೆ ಮೊದಲು ಕೊನೆಯ ಮಾತ್ರೆ ತಂದು, ಮೇಡಂ ಕೈಗೆ ಕೊಡಲಿಲ್ಲ, ಮುಕ್ತಿಯಾರನ ಕೈಗಿಟ್ಟರು.

"ನೀವೇ ಕೊಡಿ ಸಾಬ್ರೆ. ನಿಮ್ಮಿಂದ ಕೂಸು ಉಳೀತು."

ಮುಕ್ತಿಯಾರ್ ಕೊಟ್ಟ. ಸುಗುಣ ನೀರು ಕುಡಿದು, ಕಹಿ ಅಂತ ಮುಖ ಸಿಂಡರಿಸಿ, ಆಡಲು ಓಡಿದಳು. ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ ಹಾಗೇ ಕೂತಿದ್ದ. ಎಲೆ ಹಾಕಿ ಆಗಿತ್ತು. ಅವನು ಏಳುವ ತನಕ ನಂಜಪ್ಪ ಯಾರನ್ನೂ ಊಟಕ್ಕೆ ಏಳಿಸಲಿಲ್ಲ.