ಕೆಳಗಿಳಿದು ಬಂದ ಹಾಜರಿ ಯಂತ್ರ

2014ರ ಜುಲೈ 7, ಸೋಮವಾರ, ಬೆಳಿಗ್ಗೆ 10.04. ಪೀಣ್ಯದ ನಮ್ಮ ಸರ್ಕಾರಿ ಕಚೇರಿಯ ಮೆಟ್ಟಿಲ ಬುಡದಲ್ಲಿ ಊರುಗೋಲು ಹಿಡಿದು ನಿಂತಿದ್ದೆ. ಹೆಬ್ಬೆರಳು ಒತ್ತುವ ಹಾಜರಿ ಯಂತ್ರ ಇದ್ದದ್ದು ಎರಡನೇ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ. ಕಾಲು ಮುರಿದ ಮೇಲೆ ಮನೆಯಲ್ಲೇ ಕುಳಿತು ಟೈಪಿಂಗ್ ಮಾಡಲು ಅಧಿಕಾರಿ ಬಿಟ್ಟಿದ್ದರು. ಈಗ ಎಲ್ಲರೂ ಕಚೇರಿಗೇ ಬಂದು 10.10ರೊಳಗೆ ಹೆಬ್ಬೆರಳು ಒತ್ತಬೇಕೆಂದು ಆದೇಶವಾಗಿತ್ತು. ತಡವಾದರೆ ಅರ್ಧ ದಿನದ ರಜೆ ಹೋಗುತ್ತಿತ್ತು. ನನ್ನ ರಜೆಗಳೆಲ್ಲ ಆಸ್ಪತ್ರೆಯಲ್ಲೇ ಮುಗಿದಿದ್ದವು. ಇನ್ನೂ ಗೈರಾದರೆ ಪ್ರೊಬೇಷನ್ ಮುಂದಕ್ಕೆ ಹೋಗುವುದರಲ್ಲಿತ್ತು.

ಮೊದಲ ಮೆಟ್ಟಿಲಿಗೆ ಊರುಗೋಲು ಇಟ್ಟಾಗ ಕಾವಲುಗಾರ ಬಸಣ್ಣ ಕುರ್ಚಿಯಿಂದ ಎದ್ದರು.

“ಹತ್ತಬ್ಯಾಡ್ರಿ ಮೇಡಂ. ನಿಮ್ಮ ಕಾಲು ನೋಡಿ ಮಷೀನೇ ಇಳದು ಬಂದೈತಿ.”

ಅವರ ಮೇಜಿನ ಪಕ್ಕದ ಗೋಡೆಯಲ್ಲಿ ಯಂತ್ರವಿತ್ತು. ಮೇಲಿನಿಂದ ಉದ್ದನೆಯ ವೈರು ಎಳೆದಿದ್ದರು. ಹೆಬ್ಬೆರಳು ಒತ್ತಿದೆ: 10.06. ಆಮೇಲೆ ಕೂತು, ನಿಂತು, ನಿಧಾನವಾಗಿ ಮೇಲೆ ಹೋದೆ. ಅಲ್ಲಿ ಎಲ್ಲರೂ ಆ ಆದೇಶವನ್ನು ಬೈಯುತ್ತಿದ್ದರು. ಯಂತ್ರ ಇಳಿಸಿದ್ದು ಯಾರೆಂದು ಕೇಳಿದೆ. ಪಕ್ಕದ ಮೇಜಿನ ಗೌರಮ್ಮ ಮೇಡಂ ತಲೆ ಎತ್ತಲಿಲ್ಲ.

“ನಮಗೇನ್ ಗೊತ್ತಮ್ಮ. ನಮ್ ಮುಖ ನೋಡಿ ನೋಡಿ ಅದಕ್ಕೂ ಬೇಜಾರಾಗಿರ್ಬೇಕು,” ಎಂದು ಕಡತ ಬಿಚ್ಚಿದರು.

ನನ್ನ ಪ್ಲಾಸ್ಟರ್ ತೆಗೆಸಿದ ಮರುದಿನ ಯಂತ್ರ ಮತ್ತೆ ಎರಡನೇ ಮಹಡಿಯಲ್ಲಿತ್ತು. ನನ್ನ ಪ್ರೊಬೇಷನ್ ಸಮಯಕ್ಕೆ ಸರಿಯಾಗಿ ಮುಗಿಯಿತು. ಇದನ್ನು ಓದುವವರಲ್ಲಿ ಇಳಿಸಿದವರು ಯಾರೆಂದು ಬಲ್ಲವರಿದ್ದರೆ ದಯವಿಟ್ಟು ನನಗೆ ಬರೆಯಿರಿ. ಅನುಮತಿ ಇಲ್ಲದೆ ಇಳಿಸಿದ್ದರೆ ಹೆಸರು ಬೇಡ. ನನ್ನ ಕೃತಜ್ಞತೆ ಅವರಿಗೆ ಮುಟ್ಟಿತೆಂಬ ಒಂದು ಸಾಲು ಸಾಕು.