ಎರಡು ನಿಮಿಷದ ಹೊಲಿಗೆ

ನನ್ನ ಕಾಗೆಕಾಲು ಅಕ್ಷರವನ್ನೂ ಬಡ ಮಾತುಗಳನ್ನೂ ಮನ್ನಿಸಿ. ಇದು ನಮ್ಮ ಟೈಲರ್ ಚಿಕ್ಕಮ್ಮನ ಕಥೆ.

ದೇಶದ ಏಳು ಜನರ ರಗ್ಬಿ ತಂಡದ ಹುಡುಗಿಯರಿಗೆ ಅಂಗಿ ಹೊಲಿಯುವವಳು ಅವಳೇ. ತಂಡ ಮೊದಲ ಸಲ ಫೈನಲ್ ಮುಟ್ಟಿದ ದಿನ, ಮೊದಲರ್ಧದಲ್ಲೇ ನಾಯಕಿಯ ಅಂಗಿ ಸೊಂಟದ ಬಳಿ ಪರ್ರನೆ ಹರಿಯಿತು. ಬದಲಿ ಅಂಗಿ ಸೆಮಿಫೈನಲ್‌ನಲ್ಲೇ ಚಿಂದಿಯಾಗಿತ್ತು. ಹರಿದ ಜಾಗಕ್ಕೆ ಎದುರಾಳಿ ಕೈಹಾಕಿ ಹಿಡಿದರೆ ಓಟ ಅಲ್ಲಿಗೇ ಮುಗಿದಂತೆ. ವಿರಾಮವೋ ಎರಡೇ ನಿಮಿಷ. ಚಿಕ್ಕಮ್ಮ ಮೈಮೇಲಿದ್ದ ಅಂಗಿಗೇ ಸೂಜಿ ಹಾಕಿದಳು.

"ಅಲ್ಲಾಡಬೇಡ ಕಣೇ, ನಿನ್ನನ್ನೇ ಹೊಲಿದುಬಿಟ್ಟೇನು!"

ಹೊಲಿಗೆ ಬಿಡಲಿಲ್ಲ. ನಾಯಕಿ ಕೊನೆಯ ಗಳಿಗೆಯಲ್ಲಿ ಗೆರೆ ದಾಟಿ ಚೆಂಡನ್ನು ನೆಲಕ್ಕೂರಿ ಅಂಕ ಗಳಿಸಿದಳು, ಕಪ್ ನಮ್ಮದಾಯಿತು. ಆದರೆ ಆಟ ಮುಗಿದು ಬಿಚ್ಚಹೋದರೆ ಅಂಗಿ ಮಾತ್ರ ಮೇಲೆ ಬರಲೊಲ್ಲದು.

"ಅಕ್ಕಾ, ಚಡ್ಡೀನೂ ಸೇರಿಸಿ ಹೊಲಿದಿದ್ದೀರಲ್ಲಾ!"

"ಸುಮ್ನಿರೇ, ಎರಡೂ ಜಾರಲಿಲ್ವಲ್ಲ!" ಎಂದು ಚಿಕ್ಕಮ್ಮ ನಗುತ್ತಲೇ ಕತ್ತರಿ ಹುಡುಕಿದಳು.

ನಾಳೆಯಿಂದ ನಾನು ಅವಳ ಬಳಿ ಹೊಲಿಗೆ ಕಲಿಯಲು ಹೋಗುತ್ತೇನೆ.