ಪೂವಮ್ಮ ಟೀಚರ್ ಅಗ್ನಿಪರ್ವತಕ್ಕೆ ಹೊರಟದ್ದು

ಬೆಳ್ತಂಗಡಿಯ ಶಾಲೆಯೊಂದರಲ್ಲಿ ಪೂವಮ್ಮ ಟೀಚರ್ ಹನ್ನೆರಡು ವರ್ಷದಿಂದ ಭೂಗೋಳ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವರು ಮತ್ತು ತಾಯಿ ಸೇಸಮ್ಮ, ಇಬ್ಬರೇ. ತಮ್ಮ ಕಮಲಾಕ್ಷ ಅಂಡಮಾನಿನಲ್ಲಿ ಅರಣ್ಯ ಇಲಾಖೆಯ ಗುಮಾಸ್ತ. 1963ರ ಮಳೆಗಾಲದಲ್ಲಿ ಅವನ ಕಾಗದ ಬಂತು.

‘ಅಕ್ಕಾ, ಇಲ್ಲಿ ಜನರೇ ಇಲ್ಲದ ಒಂದು ದ್ವೀಪ ಉಂಟು. ಅದರಲ್ಲಿ ಅಗ್ನಿಪರ್ವತ. ಈಗಲೂ ಹೊಗೆ ಬರುತ್ತದೆ. ಫೆಬ್ರವರಿಯಲ್ಲಿ ನಮ್ಮ ಲಾಂಚು ಅಲ್ಲಿಗೆ ಹೋಗುವುದುಂಟು. ಬರುತ್ತೀಯಾ?’

ಪೂವಮ್ಮ ಆ ದಿನವೇ ಶಾಲೆಯ ಭೂಪಟದ ಮೇಲೆ ನೂಲು ಹಿಡಿದು ಮದರಾಸಿನಿಂದ ಪೋರ್ಟ್ ಬ್ಲೇರಿಗೆ ಎಷ್ಟು ದೂರ ಎಂದು ಅಳೆದರು. ಮಳೆ ನಿಂತ ಮೇಲೆ ಪ್ರತಿ ಭಾನುವಾರ ಊರ ಹತ್ತಿರದ ಗಡಾಯಿಕಲ್ಲು ಬೆಟ್ಟದ ಮೆಟ್ಟಿಲು ಹತ್ತಲು ಶುರು ಮಾಡಿದರು. ಮೊದಲ ವಾರ ಅರ್ಧದಲ್ಲೇ ಕೂತರು. ದೀಪಾವಳಿ ಕಳೆಯುವಾಗ ಎಲ್ಲೂ ನಿಲ್ಲದೆ ತುದಿ ಮುಟ್ಟಿದರು.

ಕಷ್ಟವಾದದ್ದು ರಜೆ. ಮುಖ್ಯೋಪಾಧ್ಯಾಯ ನೋಣಯ್ಯ ಮಾಸ್ತರು ಅರ್ಜಿಯನ್ನು ಎರಡು ಸಲ ಓದಿದರು.

“ಕಾರಣ ಅಗ್ನಿಪರ್ವತ ಅಂತ ಬರೆದಿದ್ದೀರಲ್ಲ ಮಾರಾಯ್ರೆ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂತ ಬರೆಯಿರಿ, ಕೂಡಲೇ ಕೊಡ್ತಾರೆ.”

“ಎಲ್ಲರೂ ಹುಷಾರಾಗಿಯೇ ಇದ್ದಾರೆ ಸಾರ್. ಸುಳ್ಳು ಹೇಗೆ ಬರೆಯುವುದು?”

ನೋಣಯ್ಯ ಮಾಸ್ತರು ನಕ್ಕು, ‘ಭೂಗೋಳ ಪಾಠಕ್ಕೆ ಉಪಯುಕ್ತ’ ಎಂದು ಕೆಳಗೆ ಷರಾ ಬರೆದು ಕಳಿಸಿದರು. ರಜೆ ಸಿಕ್ಕಿತು.

ಇನ್ನು ಉಳಿದವರು ಸೇಸಮ್ಮ. ಆರು ತಿಂಗಳಿಂದ ಮಗಳ ತಯಾರಿ ನೋಡುತ್ತಿದ್ದ ಅವರು, ಟಿಕೆಟಿಗೆ ಬರೆಯುವ ದಿನ ಹೇಳಿದರು: “ನನಗೂ ಒಂದು ಮಾಡಿಸು. ಮಗನನ್ನು ನೋಡದೆ ಮೂರು ವರ್ಷ ಆಯ್ತು. ದಾರಿಯಲ್ಲಿ ನಿನ್ನ ಬೆಟ್ಟವನ್ನೂ ನೋಡಿ ಬರ್ತೇನೆ.”

ಕುಚ್ಚಲಕ್ಕಿ, ಮಾವಿನ ಉಪ್ಪಿನಕಾಯಿ, ಹಪ್ಪಳ ಕಟ್ಟಿಕೊಂಡು ಇಬ್ಬರೂ ಹೊರಟರು. ಹಡಗಿನಲ್ಲಿ ಪೂವಮ್ಮ ವಾಂತಿ ಹಿಡಿದು ಮೂರು ದಿನ ತಲೆ ಎತ್ತಲಿಲ್ಲ. ಅರವತ್ತೆರಡರ ಸೇಸಮ್ಮ ಮಾತ್ರ ಡೆಕ್ಕಿನಲ್ಲಿ ಕೂತು, ತಮಗೆ ಗೊತ್ತಿದ್ದ ತುಳುವಿನಲ್ಲೇ ಬಂಗಾಳಿ ಹೆಂಗಸರಿಗೆ ಉಪ್ಪಿನಕಾಯಿ ಹಾಕುವ ಕ್ರಮ ಹೇಳಿಕೊಟ್ಟರು.

ಪೋರ್ಟ್ ಬ್ಲೇರಿನಲ್ಲಿ ಕಾದಿದ್ದ ಕಮಲಾಕ್ಷನ ಜೊತೆ ಇಬ್ಬರೂ ಹತ್ತಿದ ಲಾಂಚು ದ್ವೀಪ ಮುಟ್ಟಿದಾಗ ಬೆಳಗಿನ ಎಂಟು ಗಂಟೆ. ಎಲ್ಲಿ ನೋಡಿದರೂ ಕಪ್ಪು ಕಲ್ಲು, ನಡುವೆ ಬೂದಿ ಬಣ್ಣದ ಬೆಟ್ಟ, ತುದಿಯಲ್ಲಿ ತೆಳ್ಳಗೆ ಬಿಳಿ ಹೊಗೆ. ಪೂವಮ್ಮ ತಾಯಿಯನ್ನು ದಡದಲ್ಲಿ ಕೂರಿಸಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ತಮ್ಮನ ಜೊತೆ ಹತ್ತಿದರು. ಕಾಲಿಟ್ಟಲ್ಲೆಲ್ಲ ಬೂದಿ ಕುಸಿಯುತ್ತಿತ್ತು. ಗಂಧಕದ ವಾಸನೆ ಗಂಟಲಿಗೆ ಬಂತು. ಅರ್ಧ ದಾರಿಯಲ್ಲಿ ಕಮಲಾಕ್ಷ ಏದುಸಿರು ಬಿಡುತ್ತಾ ಕೂತುಬಿಟ್ಟ. ಪೂವಮ್ಮ ಕೂರಲಿಲ್ಲ. ಹೊಗೆ ಏಳುವ ಬಿರುಕಿನ ಬಳಿ ಹೋಗಿ, ನೆಲದ ಮೇಲೆ ಅಂಗೈ ಇಟ್ಟರು. ಬಿಸಿ. ಹನ್ನೆರಡು ವರ್ಷ ಬಾಯಲ್ಲಿ ಹೇಳುತ್ತಿದ್ದದ್ದು ಕೈಗೆ ತಾಗಿ ಅವರ ಕಣ್ಣು ತುಂಬಿತು.

ಇಳಿದು ಬಂದಾಗ ಸೇಸಮ್ಮ ಕೇಳಿದರು, “ಬೆಂಕಿ ಎಲ್ಲಿ ಉಂಟು?”

“ಒಳಗೆ ಉಂಟು ಅಮ್ಮ.”

“ಅಲ್ಲೇ ಇರಲಿ,” ಎಂದು ಸೇಸಮ್ಮ ಮಕ್ಕಳಿಬ್ಬರಿಗೂ ಬುತ್ತಿ ಬಿಚ್ಚಿದರು.